ಭಯದ ನೆಲೆ: ‘ಗಿಡಿಯನ್ ದ ನೈನ್ತ್’ ಕಾದಂಬರಿಯಲ್ಲಿ ಪಂಥ ಮತ್ತು ಸ್ತ್ರೀಪ್ರೇಮ

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಶೃಂಗಾರ ಮತ್ತು ಭಯಾನಕಗಳು ವಿರೋಧಿ ರಸಗಳು. ವಿಶ್ವನಾಥನ ‘ಸಾಹಿತ್ಯದರ್ಪಣ’ವು ಶೃಂಗಾರದ ವಿರೋಧಿ ರಸಗಳಲ್ಲಿ ಬೀಭತ್ಸ, ಭಯಾನಕಗಳನ್ನೂ ಎಣಿಸುತ್ತದೆ. ಪಾಶ್ಚಾತ್ಯ ಗಾಥಿಕ್ ಕಥನ ಪರಂಪರೆಯಾದರೋ ಇವನ್ನು ಬೆರೆಸುತ್ತಲೇ ಬೆಳೆದುಬಂದಿದೆ. ಹೆಣ್ಣು ಹೆಣ್ಣನ್ನು ಪ್ರೀತಿಸುವ ಕಥೆಗಳಲ್ಲಿ ಈ ಬೆರಕೆಯು ಒಂದು ಮುಖ್ಯ ಪ್ರಶ್ನೆಯನ್ನು ಎತ್ತುತ್ತದೆ. ಅಲ್ಲಿ ಭಯದ ಆಲಂಬನ ಯಾವುದು? ಪ್ರೇಮಿಸುವ ಹೆಣ್ಣೇ ಅಥವಾ ಆಕೆಯನ್ನು ಸುತ್ತುವರಿದ ವ್ಯವಸ್ಥೆಯೇ? ನ್ಯೂಜಿಲೆಂಡಿನ ಲೇಖಕಿ ಟ್ಯಾಮ್ಸಿನ್ ಮ್ಯೂರ್ ಅವರ ‘ಗಿಡಿಯನ್ ದ ನೈನ್ತ್’ (2019) ಕಾದಂಬರಿಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನ ನೀಡಿದ ಉತ್ತರವನ್ನು ಐರಿಷ್ ಲೇಖಕ ಶೆರಿಡನ್ ಲೆ ಫಾನು ಅವರ ‘ಕಾರ್ಮಿಲಾ’ (1872) ಪ್ರತಿನಿಧಿಸುತ್ತದೆ. ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತದ ಒಂಟಿ ಕೋಟೆಮನೆಯಲ್ಲಿ ವಾಸಿಸುವ ಲಾರಾ ಎಂಬ ತರುಣಿಯಲ್ಲಿ ಅತಿಥಿಯಾಗಿ ಬಂದ ಕಾರ್ಮಿಲಾ ಅನುರಕ್ತಳಾಗುತ್ತಾಳೆ. ಆದರೆ ಆಕೆ ರಕ್ತಪಿಪಾಸು ಪ್ರೇತ. ಇಲ್ಲಿ ಅನುರಾಗವೂ ರಕ್ತದಾಹವೂ ಒಂದೇ ಆಗಿರುವುದರಿಂದ ಪ್ರೇಮವೇ ಭಯದ ನೆಲೆಯಾಗುತ್ತದೆ. ಕೊನೆಗೆ ಪುರುಷರ ಒಂದು ಗುಂಪು ಆಕೆಯ ಸಮಾಧಿಯನ್ನು ತೆರೆದು, ಎದೆಗೆ ಗೂಟ ಬಡಿದು, ಶಿರಚ್ಛೇದ ಮಾಡಿ, ದೇಹವನ್ನು ಸುಟ್ಟು ಬೂದಿಯನ್ನು ನದಿಗೆ ಚೆಲ್ಲುತ್ತದೆ. ವಿಧಿವತ್ತಾಗಿ ನಡೆಯುವ ಈ ಸಾಮೂಹಿಕ ಹಿಂಸೆಯನ್ನು ಕಥನವು ಶಾಂತಿಯ ಸ್ಥಾಪನೆಯೆಂದು ನಿರೂಪಿಸುತ್ತದೆ. ಆದರೂ ಲಾರಾಳ ನೆನಪಿನಿಂದ ಕಾರ್ಮಿಲಾ ಅಳಿಯುವುದಿಲ್ಲ ಎಂಬುದು ಗಮನಾರ್ಹ.

ಮ್ಯೂರ್ ಅವರ ಕಾದಂಬರಿಯಲ್ಲಿ ಭಯವು ಪ್ರೇಮಿಯನ್ನು ಬಿಟ್ಟು ಪಂಥವನ್ನು ಆಶ್ರಯಿಸುತ್ತದೆ. ಹತ್ತು ಸಾವಿರ ವರ್ಷಗಳಿಂದ ಸಾಯದೆ ಆಳುತ್ತಿರುವ, ದೇವರೆಂದೇ ಪೂಜಿತನಾದ ಚಕ್ರವರ್ತಿಯ ಅಧೀನದಲ್ಲಿ ಒಂಬತ್ತು ‘ಮನೆ’ಗಳಿವೆ. ಮೃತದೇಹ, ಮೂಳೆ ಹಾಗೂ ಆತ್ಮಗಳನ್ನು ಆಳುವ ಪ್ರೇತವಿದ್ಯೆ ಅವುಗಳ ಬಲ. ಒಂಬತ್ತನೆಯ ಮನೆಯು ಮುದ್ರಿತ ಗೋರಿಯೊಂದನ್ನು ಕಾಯುವ ಪಂಥ. ಒಳಗಿರುವುದು ಎಂದಿಗೂ ಹೊರಬಾರದಿರಲಿ ಎಂಬುದೇ ಅದರ ನಿತ್ಯಪ್ರಾರ್ಥನೆ. ಮುಖಕ್ಕೆ ತಲೆಬುರುಡೆಯ ಬಣ್ಣ ಬಳಿದುಕೊಂಡ ಭಕ್ತರು, ಬೆರಳಿನ ಮೂಳೆಗಳ ಜಪಮಾಲೆ, ಹೊಲದಲ್ಲಿ ದುಡಿಯುವ ಅಸ್ಥಿಪಂಜರಗಳು ಅಲ್ಲಿನ ದಿನಚರಿಯ ಭಾಗ. ಆದರೆ ನಿಜವಾದ ಭೀತಿ ಈ ವೇಷಭೂಷಣಗಳಲ್ಲಿಲ್ಲ. ನಶಿಸುತ್ತಿದ್ದ ಮನೆಗೆ ಸಮರ್ಥ ಉತ್ತರಾಧಿಕಾರಿಯನ್ನು ಪಡೆಯಲು ದಂಪತಿಗಳು ತಮ್ಮ ಪಂಥದ ಇನ್ನೂರು ಮಕ್ಕಳನ್ನು ವಿಷಾನಿಲದಿಂದ ಕೊಂದಿದ್ದಾರೆ. ಆ ಸಾವುಗಳ ಶಕ್ತಿಯಿಂದ ಹುಟ್ಟಿದವಳು ಹ್ಯಾರೋಹಾರ್ಕ್. ಅದೇ ಅನಿಲವನ್ನು ಉಸಿರಾಡಿಯೂ ಉಳಿದ ಅನಾಥ ಶಿಶು ಗಿಡಿಯನ್. ಒಬ್ಬಳು ಆ ಅಪರಾಧದ ಫಲ, ಮತ್ತೊಬ್ಬಳು ಅದರ ಸಾಕ್ಷಿ. ಇವರಿಬ್ಬರ ದ್ವೇಷವೂ ಮುಂದಿನ ಅನುರಾಗವೂ ಈ ಹಿನ್ನೆಲೆಯಿಂದಲೇ ಮೂಡುತ್ತವೆ.

ಚಕ್ರವರ್ತಿಯ ಕರೆಯಂತೆ ವಿವಿಧ ಮನೆಗಳ ಪ್ರೇತವಿದ್ಯಾವಂತರೂ ಅವರ ಖಡ್ಗಧಾರಿ ಸಂಗಾತಿಗಳೂ ‘ಲಿಕ್ಟರ್’ ಎಂಬ ಅಮರಪದವಿಯನ್ನು ಅರಸಿ ಕೇನನ್ ಹೌಸ್‌ಗೆ ಬರುತ್ತಾರೆ. ಹ್ಯಾರೋಳ ಖಡ್ಗಧಾರಿಯಾಗಿ ಬರುವವಳು ಗಿಡಿಯನ್. ಆ ಪದವಿಯ ರಹಸ್ಯ ಕ್ರಮೇಣ ಬಯಲಾಗುತ್ತದೆ. ಸಂಗಾತಿಯ ಆತ್ಮವನ್ನು ತನ್ನಲ್ಲಿ ಸೆಳೆದು ಅರಗಿಸಿಕೊಂಡವರಿಗೆ ಮಾತ್ರ ಅದು ಲಭ್ಯ. ಜೀವನ ಮರಣಗಳಲ್ಲಿ ಅಗಲದಿರುವ ಪ್ರತಿಜ್ಞೆಯು ಪಂಥದ ಪರಿಭಾಷೆಯಲ್ಲಿ ಭಕ್ಷಣೆಯ ಒಪ್ಪಂದವಾಗುತ್ತದೆ. ‘ಕಾರ್ಮಿಲಾ’ದಲ್ಲಿ ಪ್ರೇಮಿಯ ಸ್ವಭಾವವೇ ಆಗಿದ್ದ ಭಕ್ಷಣೆ ಇಲ್ಲಿ ಸಂಸ್ಥೆಯ ನಿಯಮವಾಗಿದೆ. ಕೊನೆಯಲ್ಲಿ ಹ್ಯಾರೋಳನ್ನು ಉಳಿಸಲು ಗಿಡಿಯನ್ ಸ್ವತಃ ಪ್ರಾಣತ್ಯಾಗ ಮಾಡುತ್ತಾಳೆ. ಈ ತ್ಯಾಗವನ್ನು ಪ್ರೇಮದ ಪರಾಕಾಷ್ಠೆಯೆಂದಷ್ಟೇ ಓದಿದರೆ ಕಾದಂಬರಿಯ ಭಯಾನಕತೆ ಕೈತಪ್ಪುತ್ತದೆ. ಬಲಿಯಾಗುವುದನ್ನುಳಿದು ಪ್ರೀತಿಯನ್ನು ತೋರಲು ಬೇರೆ ದಾರಿಯನ್ನೇ ಆ ವ್ಯವಸ್ಥೆ ಉಳಿಸಿಲ್ಲ ಎಂಬುದನ್ನು ಮರೆಯಲಾಗದು.

ಕನ್ನಡದ ಓದುಗರಿಗೆ ಇಲ್ಲಿ ಜನ್ನನ ‘ಯಶೋಧರ ಚರಿತೆ’ (1209) ನೆನಪಾಗುವುದು ಸಹಜ. ಅಲ್ಲಿಯೂ ಬಲಿಯನ್ನು ಬೇಡುವ ಚಂಡಮಾರಿಯ ಆರಾಧನೆಯಿದೆ, ಬಲಿಗೆಂದು ತಂದ ಅಭಯರುಚಿ ಅಭಯಮತಿಯರೆಂಬ ಎಳೆಯರಿದ್ದಾರೆ. ಆದರೆ ಅಲ್ಲಿ ಬಲಿಯಾಗಬೇಕಾದವರ ಮಾತೇ ಮಾರಿದತ್ತನ ಮನಸ್ಸನ್ನು ತಿರುಗಿಸಿ ಬಲಿಯನ್ನು ನಿಲ್ಲಿಸುತ್ತದೆ. ಮ್ಯೂರ್ ಅವರ ಲೋಕದಲ್ಲಿ ಬಲಿಪದ್ಧತಿಯು ಬಲಿಯಾಗುವವಳ ಪ್ರೇಮವನ್ನೇ ತನ್ನ ಸಾಧನವಾಗಿಸಿಕೊಳ್ಳುತ್ತದೆ. ಜನ್ನನ ಕಾವ್ಯದಲ್ಲಿ ಹಿಂಸೆಯ ಸಂಕಲ್ಪವೇ ಪಾಪ. ಇಲ್ಲಿ ಹಿಂಸೆಯು ತ್ಯಾಗದ ಸಂಕಲ್ಪವಾಗಿ ರೂಪಾಂತರಗೊಂಡಿರುವುದರಿಂದ ಅದನ್ನು ಗುರುತಿಸುವುದೇ ಕಷ್ಟ.

ಈ ವ್ಯವಸ್ಥೆಗೆ ಕಾದಂಬರಿಯು ಒಡ್ಡುವ ಮೊದಲ ಪ್ರತಿರೋಧ ಹಾಸ್ಯ. ಗಿಡಿಯನ್‌ಳ ಪೋಲಿ ಮಾತು, ಅಣಕ, ಅಗೌರವಗಳು ನಿರೂಪಣೆಯ ಭಾಷೆಯಲ್ಲಿಯೂ ಬೆರೆತಿವೆ. ಗಾಂಭೀರ್ಯವನ್ನೇ ಅಧಿಕಾರವಾಗಿಸಿಕೊಂಡ ಪಂಥದಲ್ಲಿ ನಗುವು ಭಿನ್ನಮತವಾಗುತ್ತದೆ. ಎರಡನೆಯ ಪ್ರತಿರೋಧ ಮುಂದಿನ ಸಂಪುಟವಾದ ‘ಹ್ಯಾರೋ ದ ನೈನ್ತ್’ನಲ್ಲಿ (2020) ಕಾಣುತ್ತದೆ. ಗಿಡಿಯನ್‌ಳ ಆತ್ಮ ತನ್ನಲ್ಲಿ ಪೂರ್ಣವಾಗಿ ಕರಗಿಹೋಗದಂತೆ ತಡೆಯಲು ಹ್ಯಾರೋ ತನ್ನ ಮೆದುಳನ್ನೇ ಮಾರ್ಪಡಿಸಿಕೊಂಡು ಆಕೆಯ ನೆನಪನ್ನು ಅಳಿಸಿಕೊಳ್ಳುತ್ತಾಳೆ. ಪ್ರಿಯಳನ್ನು ಉಳಿಸಲೆಂದೇ ಆಕೆಯನ್ನು ಮರೆಯುವ ಈ ವಿಪರೀತ ಕ್ರಮದಲ್ಲಿ ಅಮರಪದವಿಯ ನಿರಾಕರಣೆಯಿದೆ.

ಸ್ತ್ರೀಯರ ಪರಸ್ಪರ ಪ್ರೇಮವುಳ್ಳ ಭಯಾನಕ ಕಥನಗಳನ್ನು ‘ವಿಕೃತಿಯ ಚಿತ್ರಣ’ ಎಂಬ ಒಂದೇ ಶೀರ್ಷಿಕೆಯಡಿ ತರುವ ವಿಮರ್ಶೆಯು ‘ಕಾರ್ಮಿಲಾ’ದ ಸಮಾಧಿ ಅಗೆದವರ ದೃಷ್ಟಿಯನ್ನೇ ಮುಂದುವರಿಸುತ್ತದೆ. ಲಾರಾ ಮರೆಯಲಾಗದೆ ನೆನೆಯುತ್ತಾಳೆ, ಹ್ಯಾರೋ ಉಳಿಸಲೆಂದು ಮರೆಯುತ್ತಾಳೆ. ಈ ಎರಡು ತುದಿಗಳ ನಡುವೆ ಭಯದ ಆಲಂಬನವು ಪ್ರೇಮದಿಂದ ಸಂಸ್ಥೆಗೆ ಸರಿದಿರುವುದನ್ನು ಗುರುತಿಸಿದಾಗ ಮಾತ್ರ ಇಂತಹ ಕೃತಿಗಳ ನೈತಿಕ ವಿನ್ಯಾಸ ಸ್ಪಷ್ಟವಾಗುತ್ತದೆ.