ಕೊನೆಯ ಮನೆಗೆ ಬರುವ ಆಶಾ ಅಕ್ಕ

ಎಂಜಿನಿಯರಿಂಗ್ ಪಾಠಗಳಲ್ಲಿ ‘ಲಾಸ್ಟ್ ಮೈಲ್’ ಎಂಬ ಮಾತು ಆಗಾಗ ಬರುತ್ತದೆ. ಜಾಲ ಎಷ್ಟೇ ದೊಡ್ಡದಿರಲಿ, ಕೊನೆಯ ಮನೆ ತಲುಪದಿದ್ದರೆ ಪ್ರಯೋಜನವಿಲ್ಲ. ಅದರ ಅರ್ಥ ನನಗೆ ಚೆನ್ನಾಗಿ ಹೊಳೆದದ್ದು ಅಕ್ಕನ ಬಾಣಂತನದಲ್ಲಿ.

ಅರಸೀಕೆರೆ ಕಡೆಯ ನಮ್ಮ ಮನೆ ಇರುವುದು ತೆಂಗಿನ ತೋಟದೊಳಗೆ. ಹೆರಿಗೆಗೆಂದು ತವರಿಗೆ ಬಂದಿದ್ದ ಅಕ್ಕನಿಗೆ ರಾತ್ರಿ ನೋವು ಬಂದಾಗ 108ಕ್ಕೆ ಕರೆ ಮಾಡಿದೆ. ಊರು, ತಾಲ್ಲೂಕು, ಹತ್ತಿರದ ಗುರುತು ಕೇಳಿದರು. ‘ಹಾಲಿನ ಡೇರಿ ಪಕ್ಕದ ತಿರುವು’ ಎಂದು ಹೇಳಿ, ಮೊಬೈಲ್ ಟಾರ್ಚ್ ಹಿಡಿದು ಅಲ್ಲೇ ನಿಂತೆ. ಆಂಬುಲೆನ್ಸ್ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು.

ರಾಜ್ಯದಲ್ಲಿ ‘ಆರೋಗ್ಯ ಕವಚ’ ಹೆಸರಿನ ಈ ಸೇವೆ ಶುರುವಾದದ್ದು 2008ರ ನವೆಂಬರ್ 1ರಂದು. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯ ಹೆರಿಗೆಗೆ ಹೋಗುವ, ದೊಡ್ಡಾಸ್ಪತ್ರೆಗೆ ಕಳಿಸಿದರೆ ಸಾಗುವ, ಮರಳಿ ಮನೆ ಸೇರುವ ಪ್ರಯಾಣವೆಲ್ಲ ಉಚಿತ. ತಾಯಿ–ಮಗುವನ್ನು ಮನೆಗೆ ಬಿಡುವ ‘ನಗು–ಮಗು’ ವಾಹನವನ್ನು ನೀವೂ ನೋಡಿರಬಹುದು.

ಆದರೆ ಆಂಬುಲೆನ್ಸ್ ಬರುವುದು ಕರೆದರೆ ಮಾತ್ರ. ಕರೆಯಬೇಕು ಎಂದು ಗೊತ್ತಾಗುವುದು ಹೇಗೆ?

ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಏಳನೇ ದಿನ ನಮ್ಮೂರ ಆಶಾ ಅಕ್ಕ ಬಂದಾಗ ಮಗು ಮಲಗಿತ್ತು. ‘ಬಲು ಸಾಧು ಕೂಸು, ಅಳೋದೇ ಇಲ್ಲ’ ಎಂದರು ಅಜ್ಜಿ. ಆಶಾ ಅಕ್ಕ ನಗಲಿಲ್ಲ. ಅಂಗಾಲು ಮುಟ್ಟಿದರು, ಥರ್ಮಾಮೀಟರ್ ಇಟ್ಟರು, ಹಾಲು ಕುಡಿಸಲು ಹೇಳಿದರು. ಮಗು ಚೀಪಲಿಲ್ಲ, ಮೈ ತಣ್ಣಗಿತ್ತು. ‘ಎದೆಗೆ ಅವಚಿಕೊಳ್ಳಮ್ಮ, 108ಕ್ಕೆ ನಾನೇ ಹೇಳ್ತೀನಿ’ ಎಂದರು. ಮಗು ಐದು ದಿನ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿತ್ತು. ಈಗ ಅದರ ಅಳು ತೋಟಕ್ಕೆಲ್ಲ ಕೇಳುತ್ತದೆ!

ಸುಮಾರು ಸಾವಿರ ಜನರಿಗೆ ಒಬ್ಬ ಆಶಾ ಎಂಬುದು ಲೆಕ್ಕ. ಇಷ್ಟು ಹೊಣೆ ಹೊತ್ತವರು ಕಾಯಂ ನೌಕರರಲ್ಲ. ಸಿಗುವುದು ಗೌರವಧನ ಮತ್ತು ಪ್ರೋತ್ಸಾಹಧನ. ಅವರ ಬೇಡಿಕೆಯ ಸುದ್ದಿ ಬಂದಾಗ ನಾನೀಗ ಪುಟ ತಿರುವಿ ಹಾಕುವುದಿಲ್ಲ.

ಓದಿಗಾಗಿ, ಕೆಲಸಕ್ಕಾಗಿ ಊರು ಬಿಟ್ಟಿರುವ ಗೆಳೆಯರೇ, ಈ ಸಲ ಊರಿಗೆ ಹೋದಾಗ ಎರಡು ಕೆಲಸ ಮಾಡಿ. ನಿಮ್ಮೂರ ಆಶಾ ಕಾರ್ಯಕರ್ತೆಯ ನಂಬರನ್ನು ಮನೆಯವರ ಫೋನಿನಲ್ಲಿ ಸೇವ್ ಮಾಡಿ. 108ಕ್ಕೆ ಹೇಳಬೇಕಾದ ಗುರುತು ಯಾವುದೆಂದು ಎಲ್ಲರೂ ಕೂತು ಮಾತಾಡಿಕೊಳ್ಳಿ.