ಟಾನಿಕ್ ವಾಟರ್ ಕುಡಿದರೆ ಮಲೇರಿಯಾ ಬರುವುದಿಲ್ಲವೇ? ಬ್ರಿಟಿಷ್ ಸೈನ್ಯದ ಕಥೆಯಲ್ಲಿ ನಿಜವೆಷ್ಟು?

“ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ಟಾನಿಕ್ ವಾಟರ್ ಕುಡಿದೇ ಮಲೇರಿಯಾದಿಂದ ಪಾರಾದರು. ನೀವೂ ದಿನಾ ಒಂದು ಲೋಟ ಕುಡಿಯಿರಿ.” ಇಂಥ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಇದರಲ್ಲಿ ಸ್ವಲ್ಪ ನಿಜ ಬೆರೆತಿದೆ, ಹಾಗಾಗಿಯೇ ಜನ ಸುಲಭವಾಗಿ ನಂಬುತ್ತಾರೆ. ಬನ್ನಿ, ಬಿಡಿಸಿ ನೋಡೋಣ.

ನಿಜ ಯಾವುದು?

ಸಿಂಕೋನಾ ಮರದ ತೊಗಟೆಯಲ್ಲಿರುವ ಕ್ವಿನೈನ್ ಮಲೇರಿಯಾಕ್ಕೆ ಔಷಧಿ. 1820ರಲ್ಲಿ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ಅದನ್ನು ತೊಗಟೆಯಿಂದ ಬೇರ್ಪಡಿಸಿದರು. ದಕ್ಷಿಣ ಅಮೆರಿಕದ ಈ ಮರವನ್ನು ಬ್ರಿಟಿಷರು 1860ರ ದಶಕದಲ್ಲಿ ನಮ್ಮ ಪಕ್ಕದ ನೀಲಗಿರಿಯಲ್ಲಿ ಬೆಳೆಸಿದರು. ಸೈನ್ಯದ ವೈದ್ಯರು ಕ್ವಿನೈನನ್ನು ಅಳೆದು, ಔಷಧಿಯಾಗಿ ಕೊಡುತ್ತಿದ್ದರು. ಟಾನಿಕ್ ವಾಟರ್‌ಗೆ ಕಹಿ ರುಚಿ ಬಂದಿರುವುದೂ ಇದೇ ಕ್ವಿನೈನ್‌ನಿಂದ.

ತಪ್ಪು ಎಲ್ಲಿದೆ?

ಪ್ರಮಾಣದಲ್ಲಿ. ಅಮೆರಿಕದ ನಿಯಮದಂತೆ ಒಂದು ಲೀಟರ್ ಟಾನಿಕ್ ವಾಟರ್‌ನಲ್ಲಿ ಹೆಚ್ಚೆಂದರೆ ಸುಮಾರು 83 ಮಿಲಿಗ್ರಾಂ ಕ್ವಿನೈನ್ ಇರಬಹುದು. ಮಲೇರಿಯಾ ಬಂದ ವಯಸ್ಕರಿಗೆ ಚಿಕಿತ್ಸೆಯಲ್ಲಿ ಕೊಡುವುದು ದಿನಕ್ಕೆ ಸುಮಾರು 2 ಗ್ರಾಂ. ಲೆಕ್ಕ ಹಾಕಿ: ದಿನಕ್ಕೆ 20 ಲೀಟರ್‌ಗೂ ಹೆಚ್ಚು ಕುಡಿಯಬೇಕಾಗುತ್ತದೆ! ಒಂದು ಲೋಟದಿಂದ ಏನೂ ಆಗದು.

ಹಾಗಾದರೆ ಸೈನಿಕರ ಸಾವು ತಗ್ಗಿದ್ದು ಹೇಗೆ?

ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರ ಆರೋಗ್ಯದ ಬಗ್ಗೆ ತನಿಖೆ ನಡೆಸಿದ ರಾಯಲ್ ಕಮಿಷನ್ 1863ರಲ್ಲಿ ವರದಿ ಕೊಟ್ಟಿತು. ವರ್ಷಕ್ಕೆ ಸಾವಿರಕ್ಕೆ 69 ಸೈನಿಕರು ಸಾಯುತ್ತಿದ್ದರು. ಯುದ್ಧಕ್ಕಿಂತ ಹೆಚ್ಚು ಜನರನ್ನು ಬಲಿ ಪಡೆದದ್ದು ಜ್ವರ, ಭೇದಿ, ಕಾಲರಾದಂಥ ಕಾಯಿಲೆಗಳು. ಕಮಿಷನ್‌ಗೆ ನೆರವಾದ ಫ್ಲಾರೆನ್ಸ್ ನೈಟಿಂಗೇಲ್ ಒತ್ತಿ ಹೇಳಿದ್ದು ಶುದ್ಧ ನೀರು, ಸರಿಯಾದ ಚರಂಡಿ, ಗಾಳಿಯಾಡುವ ಬ್ಯಾರಕ್‌ಗಳ ಬಗ್ಗೆ. ಮುಂದಿನ ದಶಕಗಳಲ್ಲಿ ಸಾವಿನ ಪ್ರಮಾಣ ಬಹಳ ಇಳಿಯಿತು. ಆದರೆ ಈ ಸುಧಾರಣೆಯ ಹೆಚ್ಚಿನ ಲಾಭ ಸಿಕ್ಕಿದ್ದು ದಂಡು ಪ್ರದೇಶಕ್ಕೆ. ಪಕ್ಕದ ಊರಿನ ನಮ್ಮ ಜನಕ್ಕೆ ಸಿಕ್ಕಿದ್ದು ಕಡಿಮೆ.

ಬೆಂಗಳೂರಿನ ನಂಟು

ಇಂಡಿಯನ್ ಮೆಡಿಕಲ್ ಸರ್ವಿಸ್ ಎಂಬ ಸೇನಾ ವೈದ್ಯ ಸೇವೆಯಲ್ಲಿದ್ದ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿದ್ದರು. ಬಂಗಲೆಯಲ್ಲಿ ವಿಪರೀತ ಸೊಳ್ಳೆ. ನೋಡಿದರೆ ಕಿಟಕಿಯ ಹೊರಗಿನ ತೊಟ್ಟಿಯ ನೀರಿನಲ್ಲೇ ಅವು ಹುಟ್ಟುತ್ತಿದ್ದವು. ನೀರು ಚೆಲ್ಲಿಸಿದ ಮೇಲೆ ಕಾಟ ತಗ್ಗಿತು. 1897ರ ಆಗಸ್ಟ್ 20ರಂದು ಸಿಕಂದರಾಬಾದ್‌ನಲ್ಲಿ, ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯ ರಕ್ತ ಹೀರಿದ್ದ ಸೊಳ್ಳೆಯ ಹೊಟ್ಟೆಯಲ್ಲಿ ರಾಸ್ ರೋಗಾಣುವನ್ನು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಬಂತು. ರಕ್ತ ಕೊಟ್ಟ ಹುಸೇನ್ ಖಾನ್ ಹೆಸರು ಇಂದು ಎಷ್ಟು ಜನಕ್ಕೆ ಗೊತ್ತು?

ನಾವು ಏನು ಮಾಡಬೇಕು?

ಚಳಿಜ್ವರ ಬಂದರೆ ಮನೆಮದ್ದು ಹುಡುಕುತ್ತಾ ದಿನ ಕಳೆಯಬೇಡಿ. ಮಲೇರಿಯಾದ ಕೆಲವು ಬಗೆಗಳಲ್ಲಿ ತಡವಾದರೆ ಪ್ರಾಣಕ್ಕೇ ಕುತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಕೊಟ್ಟ ಮಾತ್ರೆಯನ್ನು ಪೂರ್ತಿ ಮುಗಿಸಿ. ಕ್ವಿನೈನ್ ಮಾತ್ರೆಯನ್ನು ನೀವಾಗಿ ನುಂಗಬೇಡಿ, ಅದು ಹೃದಯ ಬಡಿತವನ್ನು ಏರುಪೇರು ಮಾಡಬಲ್ಲದು. ಮನೆ ಸುತ್ತ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ.

ಟಾನಿಕ್ ವಾಟರ್ ಮೆಸೇಜ್ ಮತ್ತೆ ಬಂದರೆ, ಕಳಿಸಿದವರಿಗೆ ಆ 20 ಲೀಟರ್ ಲೆಕ್ಕ ತೋರಿಸಿ.