ಎಂ.ಆರ್.ಐ. ಕೋಣೆಗೆ ಹೋಗುವ ಮುನ್ನ



ಮಳೆಗಾಲ ಬಂತೆಂದರೆ ನಮ್ಮ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ. ಪಾಚಿ ಹಿಡಿದು ಜಾರುವ ಮರದಿಂದ ಬಿದ್ದರೆ ಬೆನ್ನಿಗೇ ಪೆಟ್ಟು. ಅಂಥ ಮನೆಗಳಿಗೆ ನಾವು ರೋಗಿಯನ್ನು ನೋಡಲು ಹೋದಾಗ, “ಎಂ.ಆರ್.ಐ. ಮಾಡಿಸಬೇಕಂತೆ ಫಾದರ್, ಅದರಲ್ಲಿ ಕರೆಂಟು ಕೊಡುತ್ತಾರೆಯೇ?” ಎಂದು ಹೆದರಿಕೆಯಿಂದ ಕೇಳುವವರಿದ್ದಾರೆ. ಸೊಂಟ ನೋವು ಬಂದ ಮರುದಿನವೇ ಬಂಗಾರ ಅಡವಿಟ್ಟು ಅದನ್ನು ಮಾಡಿಸಲು ಹೊರಡುವವರೂ ಇದ್ದಾರೆ. ಅತಿಯಾದ ಭಯವೂ ಬೇಡ, ಅತಿಯಾದ ಭರವಸೆಯೂ ಬೇಡ. ಈ ಪರೀಕ್ಷೆ ಏನೆಂಬುದನ್ನು ಈ ಸಲ ತಿಳಿದುಕೊಳ್ಳೋಣ.

ಅದು ನೋಡುವುದು ನೀರನ್ನು

ನಮ್ಮ ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರು. ನೀರಿನಲ್ಲಿಯೂ ಕೊಬ್ಬಿನಲ್ಲಿಯೂ ಹೈಡ್ರೋಜನ್ ಇದೆ. ಈ ಹೈಡ್ರೋಜನಿನ ಒಂದೊಂದು ಪರಮಾಣು ಬೀಜವೂ ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಎಂ.ಆರ್.ಐ. ಯಂತ್ರವೆಂದರೆ ಒಂದು ದೊಡ್ಡ ಅಯಸ್ಕಾಂತ. ಸಾಮಾನ್ಯವಾಗಿ ಅದರ ಬಲ 1.5 ಟೆಸ್ಲಾ, ಅಂದರೆ ಭೂಮಿಯ ಅಯಸ್ಕಾಂತ ಬಲದ ಸುಮಾರು 30,000 ಪಟ್ಟು. ಅದರೊಳಗೆ ಮಲಗಿದಾಗ ಈ ಪುಟ್ಟ ಅಯಸ್ಕಾಂತಗಳಲ್ಲಿ ಸ್ವಲ್ಪ ಪಾಲು ಒಂದೇ ದಿಕ್ಕಿಗೆ ವಾಲಿ, ಬುಗುರಿಯಂತೆ ಓಲಾಡುತ್ತ ತಿರುಗುತ್ತವೆ.

ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಮಾತ್ರ ಅದು ಎತ್ತರಕ್ಕೇರುತ್ತದೆಯಲ್ಲವೇ? ಹಾಗೆಯೇ ಯಂತ್ರವು ಈ ಬುಗುರಿಗಳ ಲಯಕ್ಕೆ ಸರಿಹೊಂದುವ ರೇಡಿಯೋ ಅಲೆಯನ್ನು ಕಳುಹಿಸಿ ಅವುಗಳನ್ನು ಬಾಗಿಸುತ್ತದೆ. ಅಲೆ ನಿಂತೊಡನೆ ಅವು ಮೊದಲಿನ ಸ್ಥಿತಿಗೆ ಮರಳುತ್ತ ತಾವೇ ಸಣ್ಣ ರೇಡಿಯೋ ಸಂಕೇತ ಕೊಡುತ್ತವೆ. ಕೊಬ್ಬು, ನರ, ಬಾತ ಮಾಂಸ ಇವು ಮರಳುವ ವೇಗ ಬೇರೆ ಬೇರೆ. ಆ ವ್ಯತ್ಯಾಸದಿಂದಲೇ ಗಣಕಯಂತ್ರ ಚಿತ್ರ ಬಿಡಿಸುತ್ತದೆ. ಒಂದು ಬಗೆಯ ಚಿತ್ರದಲ್ಲಿ ಕೊಬ್ಬು ಬೆಳ್ಳಗೆ, ನೀರು ಕಪ್ಪಗೆ ಕಾಣುತ್ತದೆ; ಇನ್ನೊಂದರಲ್ಲಿ ನೀರು ಬೆಳ್ಳಗೆ. ಪೆಟ್ಟಾಗಿ ಬಾತಲ್ಲಿ ನೀರು ಸೇರಿರುವುದರಿಂದ ಎರಡನೆಯ ಬಗೆಯಲ್ಲಿ ಅದು ಎದ್ದು ತೋರುತ್ತದೆ.

ಈ ಗುಣವನ್ನು 1946ರಲ್ಲಿ ಕಂಡುಕೊಂಡವರು ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್. 1973ರಲ್ಲಿ ಪಾಲ್ ಲಾಟರ್ಬರ್ ಅದರಿಂದ ಚಿತ್ರ ಪಡೆಯುವ ದಾರಿ ತೋರಿಸಿದರು. ಪೀಟರ್ ಮ್ಯಾನ್ಸ್‌ಫೀಲ್ಡ್ ಅದನ್ನು ಬೆಳೆಸಿ ಚುರುಕುಗೊಳಿಸಿದರು. ಇವರಿಬ್ಬರಿಗೆ 2003ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇದೇ ಗುಣದ ನೆರವಿನಿಂದ ಎಣ್ಣೆಕಾಳುಗಳನ್ನು ಒಡೆಯದೆಯೇ ಅವುಗಳಲ್ಲಿ ಎಷ್ಟು ಎಣ್ಣೆಯಿದೆಯೆಂದು ಅಳೆಯುತ್ತಾರೆ ಎಂಬುದು ಕೃಷಿಕರಾದ ನಮಗೆ ಗಮನಾರ್ಹ.

ಎಕ್ಸ್‌ರೇಯಂತೆ ಇದರಲ್ಲಿ ವಿಕಿರಣವಿಲ್ಲ. ರೋಗಿಗೆ ಕರೆಂಟು ಕೊಡುವುದೂ ಇಲ್ಲ. ಅಲುಗಾಡದೆ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಮಲಗಬೇಕು. ಬಡಿಯುವಂಥ ದೊಡ್ಡ ಸದ್ದು ಬರುತ್ತದೆ. ಅದಕ್ಕಾಗಿ ಕಿವಿಗೆ ರಕ್ಷಣೆ ಕೊಡುತ್ತಾರೆ. ಇಕ್ಕಟ್ಟಿಗೆ ಹೆದರುವವರು ಒಳಗೆ ಹೋಗುವ ಮೊದಲೇ ಕಣ್ಣು ಮುಚ್ಚಿಕೊಳ್ಳಲಿ. ಜಪಮಾಲೆ ಹೊರಗಿಟ್ಟರೂ ಮನಸ್ಸಿನಲ್ಲಿ ಜಪ ಮಾಡಬಹುದಲ್ಲ!

ಲೋಹದ ವಿಷಯ ಮುಚ್ಚಿಡಬೇಡಿ

ಆ ಅಯಸ್ಕಾಂತ ರೋಗಿ ಇಲ್ಲದಾಗಲೂ ಕೆಲಸ ಮಾಡುತ್ತಲೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಒಳಹೋದ, ರೋಗಿಯ ಸಂಬಂಧಿಕರೊಬ್ಬರು ಸಿಲಿಂಡರ್ ಸಮೇತ ಯಂತ್ರಕ್ಕೆ ಸೆಳೆಯಲ್ಪಟ್ಟು ಮೃತಪಟ್ಟರು. ಕೈಗಡಿಯಾರ, ಮೊಬೈಲ್, ಬೀಗದ ಕೈ, ಕೊರಳ ಶಿಲುಬೆ, ಎಲ್ಲವನ್ನೂ ಹೊರಗಿಡಬೇಕು. ರೋಗಿಯ ಜೊತೆ ಹೋಗುವವರಿಗೂ ಇದೇ ನಿಯಮ.

ಕತ್ತಿ ಮಸೆಯುವಾಗ, ವೆಲ್ಡಿಂಗ್ ಮಾಡುವಾಗ, ಹುಲ್ಲು ಕತ್ತರಿಸುವ ಯಂತ್ರ ಹಿಡಿದಾಗ ಎಂದಾದರೂ ಕಬ್ಬಿಣದ ಚೂರು ಕಣ್ಣಿಗೆ ಹಾರಿದ್ದರೆ, ಹತ್ತು ವರ್ಷ ಹಿಂದಿನ ಮಾತಾದರೂ ತಪ್ಪದೆ ಹೇಳಿರಿ. ಒಳಗೆ ಉಳಿದ ಚೂರು ಕದಲಿದರೆ ದೃಷ್ಟಿಯೇ ಹೋದೀತು. ಹೃದಯಕ್ಕೆ ಪೇಸ್‌ಮೇಕರ್, ಮೂಳೆಗೆ ರಾಡು, ಮಿದುಳಿನ ರಕ್ತನಾಳಕ್ಕೆ ಕ್ಲಿಪ್ ಹಾಕಿಸಿಕೊಂಡವರು ಆ ಕಾಗದಪತ್ರ ಒಯ್ಯಿರಿ. ಇವೆಲ್ಲವೂ ಅಡ್ಡಿಯೇ ಎಂದಲ್ಲ. ನಿರ್ಧರಿಸುವುದು ವೈದ್ಯರ ಕೆಲಸ, ಹೇಳುವುದು ನಮ್ಮ ಕೆಲಸ. ಗರ್ಭಿಣಿಯರೂ ಮೂತ್ರಪಿಂಡದ ಕಾಯಿಲೆಯವರೂ ಮೊದಲೇ ತಿಳಿಸಬೇಕು.

ಯಾವಾಗ ಬೇಕು?

ಹೊರೆ ಹೊತ್ತು, ಗುದ್ದಲಿ ಹಿಡಿದು ಬಂದ ಸೊಂಟ ನೋವು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ನೋವೇ ಇಲ್ಲದ ನಡುವಯಸ್ಸಿನವರ ಚಿತ್ರದಲ್ಲೂ ಬೆನ್ನಿನ ಡಿಸ್ಕ್ ಉಬ್ಬಿರುವುದು ಕಾಣುವುದುಂಟು. ಆದುದರಿಂದ ವೈದ್ಯರು ಹೇಳದೆ ಸಾಲ ಮಾಡಿ ಓಡುವುದು ಸರಿಯಲ್ಲ. ಆದರೆ ಕಾಲಿನ ಬಲ ಕುಂದಿದರೆ, ತೊಡೆಸಂದು ಮರಗಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ತಡಮಾಡಬಾರದು.

ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಲೇಬೇಡಿ, ಕೂರಿಸಲೂ ಬೇಡಿ. ಆಂಬುಲೆನ್ಸ್ ಕರೆಯಿರಿ. ಸಾಗಿಸಲೇಬೇಕಾದರೆ ನಾಲ್ಕೈದು ಜನ ಸೇರಿ ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿರುವಂತೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಿರಿ. ಮೂಳೆ ಮುರಿದದ್ದನ್ನು ಎಕ್ಸ್‌ರೇ, ಸಿ.ಟಿ. ತೋರಿಸುತ್ತವೆ, ಬೆನ್ನುಹುರಿಯ ಪೆಟ್ಟನ್ನು ಎಂ.ಆರ್.ಐ. ತೋರಿಸುತ್ತದೆ. ಆದರೆ ನಾವು ಎತ್ತುವ ಅವಸರದಲ್ಲಿ ಬೆನ್ನುಹುರಿಗೆ ಹಾನಿ ಮಾಡಿದರೆ ಯಾವ ಯಂತ್ರವೂ ಅದನ್ನು ಸರಿಪಡಿಸಲಾರದು.

ಯುವಜನರಿಗೆ ಒಂದು ಮಾತು. ಈ ಯಂತ್ರ ನಡೆಸುವುದೂ ಒಂದು ವಿದ್ಯೆ. ಪ್ಲಸ್ ಟುವಿನಲ್ಲಿ ವಿಜ್ಞಾನ ಓದಿದವರು ವೈದ್ಯಕೀಯ ಚಿತ್ರಣ ತಂತ್ರಜ್ಞಾನದ ಪದವಿಗೆ ಸೇರಬಹುದು. ಮಂಗಳೂರು, ಮಣಿಪಾಲಗಳಲ್ಲಿಯೇ ಕಲಿಯುವ ಅವಕಾಶವಿದೆ. ದೇಹರಚನೆ, ಭೌತಶಾಸ್ತ್ರ, ಸುರಕ್ಷತೆ, ಇವುಗಳ ಜೊತೆಗೆ ಹೆದರಿದ ರೋಗಿಗೆ ಧೈರ್ಯ ಹೇಳುವ ತಾಳ್ಮೆಯೂ ಬೇಕು. ಸೇರುವ ಮೊದಲು ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ವಿಚಾರಿಸಿಕೊಳ್ಳಿರಿ. ನಮ್ಮ ಮಾತೃಭಾಷೆಯಲ್ಲಿ “ಹೆದರಬೇಡಿ ಅಜ್ಜಾ” ಎನ್ನುವ ಒಂದು ದನಿ ಆ ಕೋಣೆಯಲ್ಲಿದ್ದರೆ ರೋಗಿಗೆ ಅರ್ಧ ಭಯ ಅಲ್ಲೇ ಕಳೆಯುತ್ತದೆ.